ಹೇಳಿಕೆಗೆ ಮುಂಚೆ ಪಾನಕ

ಮುದುಕನ ನೆನಪು ತೂತು ಬಿದ್ದ ಚೀಲ ಎನ್ನುವವರು ಫೋನು ಕೆಳಗಿಟ್ಟು ನಿಮ್ಮ ನಿಮ್ಮ ಕೆಲಸ ನೋಡಿಕೊಳ್ಳಿ. ಹೋದ ಸಲದ ಕತೆಯಲ್ಲಿ ನಮ್ಮ ಓಣಿಯ ಹುಣಸೆಮರ ನಾನು ಹೇಳಿದ ಕಡೆ ಇಲ್ಲವೇ ಇಲ್ಲ ಎಂದು ಒಬ್ಬ ಮಹಾಶಯ ಫೋಟೋ ಹಾಕಿದ್ದಾನೆ. ಮರ ಕಡಿದ ಮೇಲೆ ತೆಗೆದ ಫೋಟೋದಲ್ಲಿ ಮರ ಎಲ್ಲಿಂದ ಬರಬೇಕಪ್ಪಾ? ನಿನ್ನೆ ಯಾವ ಪಲ್ಯ ತಿಂದಿರಿ ಎಂದರೆ ಹೆಂಡತಿ ಮುಖ ನೋಡುವ ನೀವು ನನ್ನ ನೆನಪು ಅಳೆಯುತ್ತೀರಿ. ಇದು ತಾಯಮ್ಮ ತನ್ನ ಬಾಯಿಂದಲೇ ಹೇಳಿದ್ದು. ಅವಳ ಅಣ್ಣ ಕೆಂಪಪ್ಪ ಹೇಳಿದ್ದೂ ಇದರಲ್ಲಿದೆ. ಅವನು ಹೇಳಿದ್ದರಲ್ಲಿ ಅರ್ಧ ಬಿಟ್ಟಿದ್ದೇನೆ, ಅಷ್ಟು ವಿವೇಕ ನನಗೂ ಇದೆ. ಇನ್ನು ಬಾಯಿ ಮುಚ್ಚಿ ಕೇಳಿ.

ತಾಳಗುಂದದಲ್ಲಿ ಕುರಿ ಗುಡ್ಡಪ್ಪನ ಹೆಂಡತಿ ತಾಯಮ್ಮ. ಮಂಗಳವಾರ ಬೆಳಿಗ್ಗೆ ಅವಳ ಮೈಮೇಲೆ ಕೆರೆಯವ್ವ ಬರುತ್ತಿದ್ದಳು. ಅದಕ್ಕೊಂದು ಕ್ರಮವಿತ್ತು. ಸೋಮವಾರ ಮಧ್ಯಾಹ್ನ ಉಂಡದ್ದೇ ಕೊನೆ, ಆಮೇಲೆ ನೀರು ಮಾತ್ರ. ಮಂಗಳವಾರ ಹೊತ್ತು ಮೂಡುವಾಗ ಮಿಂದು, ಒದ್ದೆ ಸೀರೆಯಲ್ಲೇ ಕರಿ ಕಂಬಳಿಯ ಮೇಲೆ ಕೂರಬೇಕು. ಬಂದ ಜನ ಸುತ್ತ ಕೂರುತ್ತಾರೆ. ಅವ್ವ ಬರುತ್ತಾಳೆ, ಒಂದು ಮಾತು ಆಡುತ್ತಾಳೆ. ಆ ಮಾತಿಗೆ ಹೇಳಿಕೆ ಎನ್ನುತ್ತಾರೆ. ಹೇಳಿಕೆ ಆದ ಮೇಲೆ ಬೆಲ್ಲದ ಪಾನಕ ಕುಡಿಸುತ್ತಾರೆ, ಅವ್ವ ತಣ್ಣಗಾಗಿ ಕೆರೆಗೆ ಇಳಿದುಹೋಗುತ್ತಾಳೆ. ಹೇಳಿಕೆಗೆ ಮುಂಚೆ ಪಾನಕ ಕೊಡುವಂತಿಲ್ಲ. ಕೊಟ್ಟರೆ ಬಂದ ಅವ್ವನನ್ನು ಬಾಗಿಲಿಂದ ಅಟ್ಟಿದಂತೆ.

ನೋಡುವವರಿಗೆ ಕಾಣುತ್ತಿದ್ದದ್ದು ಬೆವರು, ನಡುಕ, ನೆಟ್ಟ ಕಣ್ಣು, ಅಷ್ಟೆ. ಒಳಗಿನದನ್ನು ಕಂಡವಳು ತಾಯಮ್ಮ ಒಬ್ಬಳೇ. ಮೊದಲು ತುಟಿಯ ಸುತ್ತ ಇರುವೆ ಹರಿದಾಡಿದಂತಾಗುತ್ತಿತ್ತು. ಎದೆ ಡವಡವ ಎನ್ನುತ್ತಿತ್ತು. ಎದುರಿಗೆ ಕೂತವರ ಮುಖ ಒಂದು ಎರಡಾಗಿ, ಆ ಎರಡೂ ದೂರ ಸರಿಯುತ್ತಿದ್ದವು. ಆಮೇಲೆ ನೆಲ ಮೆಲ್ಲಗೆ ನೀರಾಗುತ್ತಿತ್ತು. ಬಾಗಿಲಾಚೆಯ ಮೆಕ್ಕೆಜೋಳದ ಹೊಲವೂ ನೀರು, ಹೊಲದ ಆಚೆಯ ರಸ್ತೆಯೂ ನೀರು. ಆ ನೀರಿನ ಮೇಲೆ ಕುರಿಗಳು ನಡೆದು ಬರುತ್ತಿದ್ದವು, ಒಂದು ಹನಿ ಸಿಡಿಯದ ಹಾಗೆ. ಆಚೆ ದಡದಲ್ಲಿ ಒಬ್ಬಳು ಈ ಕಡೆ ಬೆನ್ನು ಮಾಡಿ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಎಷ್ಟು ಕರೆದರೂ ತಿರುಗುತ್ತಿರಲಿಲ್ಲ. ಇನ್ನೇನು ತಿರುಗಬೇಕು ಎನ್ನುವಾಗ ಗಂಟಲಲ್ಲಿ ಸಿಹಿ ಇಳಿಯುತ್ತಿತ್ತು, ನೀರು ಹಿಂಜರಿದು ನೆಲ ಬರುತ್ತಿತ್ತು. ಗುಡ್ಡಪ್ಪ ಬಟ್ಟಲು ಹಿಡಿದು, "ಬಂದ್ಯಾ?" ಎನ್ನುತ್ತಿದ್ದ, ಸಂತೆಗೆ ಹೋಗಿ ಬಂದವಳನ್ನು ಕೇಳುವ ಹಾಗೆ.

ತಾನು ಏನು ಹೇಳಿದೆನೆಂದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಅರ್ಥ ಹಚ್ಚುವ ಕೆಲಸ ಗುಡ್ಡಪ್ಪನದು. ಒಮ್ಮೆ "ಮೂರು ಕಾಲಿನ ಕುರ್ಚಿ" ಎಂದಳಂತೆ, ಕೂತವನು ಬೀಳುತ್ತಾನೆ ಎಂದ ಗುಡ್ಡಪ್ಪ. ಪಂಚಾಯ್ತಿ ಎಲೆಕ್ಷನ್ನಿಗೆ ನಿಂತಿದ್ದ ಪಂಚಾಕ್ಷರಪ್ಪ ಆ ಮಧ್ಯಾಹ್ನವೇ ಶಿಕಾರಿಪುರಕ್ಕೆ ಹೋಗಿ ನಾಮಪತ್ರ ವಾಪಸ್ ತಗೊಂಡ. ಇವತ್ತಿಗೂ ಅವನು ಸ್ಟೂಲಿನ ಮೇಲೆ ಕೂರುವುದಿಲ್ಲ.

ತಾಯಮ್ಮನಿಗೆ ಮುಂಚೆ ಕೆರೆಯವ್ವ ಬರುತ್ತಿದ್ದದ್ದು ಅವಳ ತಾಯಿ ಹುಲಿಯಮ್ಮನಿಗೆ. ಒಂದು ಮಂಗಳವಾರ ಹುಲಿಯಮ್ಮನಿಗೆ ಅವ್ವ ಬಂದಳು, ಹೇಳಿಕೆ ಆಗಲಿಲ್ಲ. ಜನ ಕಾದರು. ಹೊತ್ತು ನೆತ್ತಿಗೆ ಬರುವವರೆಗೂ ಕಾದರು. ಹುಲಿಯಮ್ಮನ ಕೈಕಾಲು ಸೆಟೆದವು, ಆಮೇಲೆ ಸಡಿಲಾದವು, ಮತ್ತೆ ಏಳಲಿಲ್ಲ. "ಅವ್ವ ತನ್ನ ಜೊತೀಗೇ ಕರಕೊಂಡು ಹೋದ್ಲು" ಎಂದು ಊರು ಕೈಮುಗಿಯಿತು, ಕೆರೆ ಏರಿಯ ಮೇಲೆ ಕಲ್ಲು ನಿಲ್ಲಿಸಿತು. ಅವತ್ತು ಪಾನಕದ ಬಟ್ಟಲು ಹಿಡಿದು ಪಕ್ಕದಲ್ಲಿ ಕೂತಿದ್ದವಳು ತಾಯಮ್ಮ, ಆಗಿನ್ನೂ ಲಂಗ ದಾವಣಿಯ ಹುಡುಗಿ. ಹೇಳಿಕೆಗೆ ಮುಂಚೆ ಕೊಡಲಿಲ್ಲ, ಶಾಸ್ತ್ರ ಮುರಿಯಲಿಲ್ಲ ಎಂದು ಹಿರಿಯರು ಅವಳ ತಲೆ ನೇವರಿಸಿದ್ದರು. ಆ ಹೆಮ್ಮೆ ಅವಳ ಎದೆಯಲ್ಲಿ ಎಷ್ಟೋ ವರ್ಷ ದೀಪದ ಹಾಗೆ ಉರಿಯುತ್ತಿತ್ತು.

ಈಗ ಅವಳ ಮಗಳು ನಾಗಶ್ರೀ. ಶಿಕಾರಿಪುರದ ಬಟ್ಟೆ ಅಂಗಡಿಯಲ್ಲಿ ಕೆಲಸ. ಬೆಳಿಗ್ಗೆ ತಿಂಡಿ ಬಿಟ್ಟು ಬಸ್ಸು ಹಿಡಿದ ಒಂದು ದಿನ, ಯಾರೋ ಲಂಗಕ್ಕೆ ನೀಲಿ ಬಟ್ಟೆ ಕೇಳಿದರು. ಹುಡುಗಿ ಅಳೆಯಲು ಶುರು ಮಾಡಿದಳು. ಅಳೆಯುತ್ತಾ ಅಳೆಯುತ್ತಾ ಥಾನು ಪೂರ್ತಿ ಬಿಚ್ಚಿಕೊಂಡು, ಗಲ್ಲಾಪೆಟ್ಟಿಗೆ ದಾಟಿ, ಮೆಟ್ಟಿಲಿಳಿದು, ಅಂಗಡಿ ತುಂಬ ನೀಲಿ ಹರಿಯಿತು. "ಏ ನಾಗಶ್ರೀ, ಆನೆಗೆ ಲಂಗ ಹೊಲಿಸ್ತಾರೇನೇ?" ಎಂದು ಮಾಲೀಕ ಕೂಗಿದರೂ ಕೇಳಲಿಲ್ಲ. ಪಕ್ಕದವರು ಸಕ್ಕರೆ ಜಾಸ್ತಿ ಹಾಕಿ ಚಾ ಕುಡಿಸಿದ ಮೇಲೆ ಹುಡುಗಿ ಬೆಚ್ಚಿ, "ಇಷ್ಟೊಂದು ಬಟ್ಟೆ ಯಾರು ಬಿಚ್ಚಿದ್ದು?" ಎಂದಳು.

ತಾಯಮ್ಮನಿಗೆ ಸುದ್ದಿ ಮುಟ್ಟಿದಾಗ ಆನಂದಕ್ಕೆ ಕಣ್ಣು ತುಂಬಿತು. "ನೀರು ಕಂಡಳು ನನ್ನ ಮಗಳು! ಅವ್ವ ಮನಿ ಬಿಟ್ಟು ಹೋಗಿಲ್ಲ."

"ಯವ್ವಾ, ಅದು ಪಾಲಿಸ್ಟರ್ ಬಟ್ಟೆ" ಎಂದಳು ನಾಗಶ್ರೀ. "ನಂಗೆ ಈ ಕಂಬಳಿ ಗಿಂಬಳಿ ಬ್ಯಾಡ."

ಬೇಡವೆಂದರೆ ಬಿಡುವ ವಿಷಯವಲ್ಲ. ತಾಯಿಂದ ಮಗಳಿಗೆ ಕಂಬಳಿ ಹೋಗಬೇಕಾದರೆ ಅದನ್ನು ಹಾಸುವವನು ಸೋದರಮಾವ. ಅವನು ತನ್ನ ಕೈಯಾರೆ ಹಾಸಿ ಕೂರಿಸಬೇಕು. ನಾಗಶ್ರೀಯ ಸೋದರಮಾವ ಎಂದರೆ ಕೆಂಪಪ್ಪ. ಸೊರಬದಾಚೆ ಗುಡವಿಗೆ ಮನೆಯಳಿಯನಾಗಿ ಹೋದವನು. ಬಾಯಿ ಹೆಚ್ಚು, ಹೊಟ್ಟೆ ಉರಿ ಅದಕ್ಕಿಂತ ಹೆಚ್ಚು. ಹೊಟ್ಟೆಕಿಚ್ಚಲ್ಲ, ನಿಜವಾದ ಉರಿ; ರೊಟ್ಟಿ ಮುರಿದರೆ ಹಾಲು ಕುಡಿಯಬೇಕು. ಜೊತೆಗೆ ಮೂತ್ರದಲ್ಲಿ ಕಲ್ಲು. ತೆಗೆಸಿದರೆ ಮತ್ತೆ ಬರುತ್ತಿತ್ತು. ಬಿದ್ದ ಕಲ್ಲುಗಳನ್ನು ಸುಣ್ಣದ ಡಬ್ಬಿಯಲ್ಲಿಟ್ಟುಕೊಂಡು ಮದುವೆ ಮನೆಯಲ್ಲೂ ತೋರಿಸುತ್ತಿದ್ದ. "ಮನೆ ಕಟ್ಟೋದಿದ್ರೆ ಹೇಳ್ರೋ, ಜಲ್ಲಿ ನನ್ನದು" ಎನ್ನುತ್ತಿದ್ದ.

ತಾಯಮ್ಮ ಕಂಬಳಿಯ ವಿಷಯ ಹೇಳಿ ಕಳಿಸಿದ್ದೇ ತಡ, ಕೆಂಪಪ್ಪ ಬಸ್ಸು ಹತ್ತಿ ತಾಳಗುಂದಕ್ಕೆ ಬಂದ. ಬಂದವನು ಚಪ್ಪಲಿ ಬಿಡುವ ಮೊದಲೇ, "ನಾನು ಕಂಬಳಿ ಹಾಸೋದಿಲ್ಲ ತಾಯಿ" ಎಂದ.

"ಕುಂತ್ಕೊ ಮೊದ್ಲು. ಸೊರಬದ ನೀರು ಕುಡಿದು ಸಂಬಂಧಾನೂ ಕರಗೋತೇನು?"

"ಕರಗೋದಾಗಿದ್ರೆ ಮೊದಲು ನನ್ನ ಕಲ್ಲು ಕರಗ್ತಿತ್ತು. ಕೇಳಿಲ್ಲಿ. ದೊಡ್ಡಾಸ್ಪತ್ರೇಲಿ ದೀಪಶ್ರೀ ಅಂತ ಡಾಕ್ಟ್ರಮ್ಮ ಇದಾರೆ. ನನ್ನ ಹೊಟ್ಟೆ ನೋಡಿದ್ರು, ಕಲ್ಲು ನೋಡಿದ್ರು, ಕುತ್ತಿಗೆ ನೋಡಿದ್ರು. ಆಮೇಲೆ ಕೇಳಿದ್ರು, ಮನೇಲಿ ಯಾರಿಗಾದ್ರೂ ಹಸಿದಾಗ ಬೆವರಿ ಎಚ್ಚರ ತಪ್ಪೋದು, ಸಿಹಿ ತಿಂದ್ರೆ ಸರಿಯಾಗೋದು ಇದ್ಯಾ ಅಂತ."

ತಾಯಮ್ಮ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ಕೈ ನಿಲ್ಲಿಸಿದಳು. "ನೀ ಏನಂದಿ?"

"ಅಮ್ಮಂಗೆ ಬರ್ತಿತ್ತು, ತಂಗಿಗೆ ಬರ್ತದೆ, ನಾವು ದೇವರು ಅಂತೀವಿ ಅಂದೆ. ಡಾಕ್ಟ್ರಮ್ಮ ನಗಲಿಲ್ಲ ನೋಡು. ಹಾಳೆ ಮೇಲೆ ಚಿತ್ರ ಬರೆದು ತೋರಿಸಿದ್ರು. ಮೈಯೊಳಗೆ ರಸ ಬಿಡೋ ಗ್ರಂಥಿ ಅಂತ ಅಲ್ಲಲ್ಲಿ ಇರ್ತಾವಂತೆ. ಕುತ್ತಿಗೇಲಿ, ತಲೇಲಿ, ಹೊಟ್ಟೆ ಹಿಂದೆ. ಕೆಲವು ವಂಶದಲ್ಲಿ ಅವುಕ್ಕೆ ಗಡ್ಡೆ ಏಳೋದು ರಕ್ತದಲ್ಲೇ ಬರ್ತದಂತೆ. ಕುತ್ತಿಗೇದು ರಸ ಜಾಸ್ತಿ ಬಿಟ್ರೆ ಕಲ್ಲು. ಹೊಟ್ಟೇದು ಒಂದು ಥರ ಬಿಟ್ರೆ ಉರಿ, ಇನ್ನೊಂದು ಥರ ಬಿಟ್ರೆ ರಕ್ತದಲ್ಲಿರೋ ಸಕ್ಕರೆ ಎಲ್ಲ ಕುಡಿದುಬಿಡ್ತದೆ. ನಂದು ರಕ್ತ ಪರೀಕ್ಷೆ ಆಯ್ತು, ಅದೇ ಅಂತ ಗೊತ್ತಾಯ್ತು. ಒಡಹುಟ್ಟಿದವರನ್ನ, ಅವರ ಮಕ್ಕಳನ್ನ ಕರ್ಕೊಂಡು ಬಾ ಅಂದಿದಾರೆ."

"ಕೆರೆಯವ್ವನಿಗೆ ಗಡ್ಡಿ ಅಂತೀಯಾ? ಸುವರ್ಣಗಡ್ಡಿನೋ, ಮರಗೆಣಸೋ?"

"ತಾಯೀ..."

"ನಿನ್ನ ಹೊಟ್ಟ್ಯಾಗೆ ಗಡ್ಡಿ ಐತಿ, ತೆಗಿಸ್ಕೊ. ನನ್ನ ಕೆರೆಯವ್ವನ್ನ ಮುಟ್ಟಬ್ಯಾಡ. ನಮ್ಮವ್ವ ಆಕಿ ಜೊತೀಗೇ ಹೋಗ್ಯಾಳೆ, ನಾನೇ ಕಣ್ಣಾರೆ ನೋಡೀನಿ."

ಕೆಂಪಪ್ಪ ಹಾಲು ಕೇಳಿ ಕುಡಿದು, ಹೊರಟುಹೋದ. ಬಾಗಿಲಲ್ಲಿ ನಿಂತಿದ್ದ ನಾಗಶ್ರೀ ಎಲ್ಲ ಕೇಳಿಸಿಕೊಂಡಿದ್ದಳು. "ಅವ್ವಾ, ಒಂದ್ಸಲ ತೋರಿಸಿದ್ರೆ ಏನಾಗ್ತೈತಿ?" ಎಂದಳು. ತಾಯಮ್ಮ ಎಲೆ ಮಡಚಿ ಬಾಯಿಗಿಟ್ಟುಕೊಂಡಳು. ಅಣ್ಣ ಬಂದು ಹಾಸದಿದ್ದರೆ ಅಣ್ಣನ ಮನೆಗೇ ಕಂಬಳಿ ಹೊತ್ತುಕೊಂಡು ಹೋಗುವುದು, ಉಪವಾಸದ ಮಗಳನ್ನು ಅವನ ಜಗಲಿಯ ಮೇಲೆ ನಿಲ್ಲಿಸುವುದು, ಆಗ ಹೇಗೆ ಇಲ್ಲವೆನ್ನುತ್ತಾನೋ ನೋಡುವುದು ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡಳು.

ಮಂಗಳವಾರ ಬೆಳಗಿನ ಬಸ್ಸಿಗೆ ತಾಯಿ ಮಗಳು ಹೊರಟರು. ಮಾವ ಹೇಗೂ ಹಾಸುವುದಿಲ್ಲ ಎಂಬ ಧೈರ್ಯದ ಮೇಲೆ ನಾಗಶ್ರೀ ಒಪ್ಪಿದ್ದಳು. ಕಂಬಳಿ ತಾಯಮ್ಮನ ಹೆಗಲ ಮೇಲೆ, ಪಾನಕ ನಾಗಶ್ರೀಯ ನೀರಿನ ಬಾಟಲಿಯಲ್ಲಿ, ಹಿತ್ತಾಳೆ ಬಟ್ಟಲು ಚೀಲದಲ್ಲಿ. ಮಗಳು ಹಿಂದಿನ ಮಧ್ಯಾಹ್ನ ಉಂಡದ್ದೇ ಕೊನೆ. ತಾಯಮ್ಮ ಮಾತ್ರ ಅವತ್ತು ಮುದ್ದೆ ಉಂಡು ಹೊರಟಿದ್ದಳು. ಅವ್ವ ಈ ಮಂಗಳವಾರ ಮಗಳಿಗೆ ಬರಬೇಕು, ತನಗಲ್ಲ, ಶಾಸ್ತ್ರವೇ ಹಾಗೆ. ಮಂಗಳವಾರ ಬೆಳಿಗ್ಗೆ ಹೊಟ್ಟೆ ತುಂಬಿಕೊಂಡು ಅವಳು ಲೋಕ ನೋಡಿದ್ದು ಎಷ್ಟೋ ವರ್ಷದ ಮೇಲೆ ಅದೇ ಮೊದಲು.

ಸೊರಬದಲ್ಲಿ ಬಸ್ಸು ಬದಲಾಯಿಸಿದರು. ಅಡಿಕೆ ಚೀಲ ಹೇರುವವರ ಗದ್ದಲದಲ್ಲಿ ನಾಗಶ್ರೀ ತಾಯಿಯ ಸೆರಗು ಹಿಡಿದುಕೊಂಡಳು, ಚಿಕ್ಕಂದಿನಲ್ಲಿ ಹಿಡಿಯುತ್ತಿದ್ದ ಹಾಗೆ. ಗುಡವಿಯಲ್ಲಿ ಇಳಿದಾಗ ಮಂಜು ಇನ್ನೂ ಕೆರೆಯ ಮೇಲೆ ಮಲಗಿತ್ತು. ಕೆರೆಯೊಳಗಿನ ಮರಗಳ ತುಂಬ ಹಕ್ಕಿ. ಒಂದೊಂದು ಕೊಂಬೆಯೂ ಬೆಳ್ಳಗೆ, ಉಣ್ಣೆ ಕತ್ತರಿಸಿ ಒಣಹಾಕಿದಂತೆ.

"ಅವ್ವಾ, ಕುರಿ ಮರ ಹತ್ಯಾವು ನೋಡು" ಎಂದು ನಾಗಶ್ರೀ ನಕ್ಕಳು.

ತಾಯಮ್ಮನೂ ನಕ್ಕಳು. ಹಕ್ಕಿ ರೆಕ್ಕೆ ಬಡಿದಾಗ ಮಂಜು ಅಲುಗಾಡುತ್ತಿತ್ತು, ಮಂಜು ಅಲುಗಾಡಿದಾಗ ಮರ ತೇಲುತ್ತಿತ್ತು. ಇದನ್ನೆಲ್ಲ ಎಲ್ಲೋ ಕಂಡಿದ್ದೇನೆ ಅನ್ನಿಸಿತು. ಕಂಡಿದ್ದಳು. ಪ್ರತಿ ಮಂಗಳವಾರ ಕಂಡಿದ್ದಳು. ತಾನೇ ಈಗ ಆ ದಡದಲ್ಲಿ ನಿಂತಿದ್ದೇನೆಯೇ ಎಂದು ಪಾದ ನೋಡಿಕೊಂಡಳು. ಪಾದದ ಕೆಳಗೆ ಗಟ್ಟಿ ಮಣ್ಣಿತ್ತು.

ತಲೆ ಎತ್ತಿದಾಗ ನಾಗಶ್ರೀ ಪಕ್ಕದಲ್ಲಿರಲಿಲ್ಲ. ಏರಿ ಇಳಿದು, ಯಾರೋ ಕರೆದವರ ಹಾಗೆ ಮೆಲ್ಲಗೆ, ನೀರಿನ ಕಡೆ ನಡೆಯುತ್ತಿದ್ದಳು. ಮೊಣಕಾಲು ಮುಳುಗಿತು. ತಾಯಮ್ಮ ಕಂಬಳಿ ಬಿಸಾಕಿ ಓಡಿ ಭುಜ ಹಿಡಿದು ಎಳೆದು ತಂದು ದಡದ ಹುಲ್ಲಿನ ಮೇಲೆ ಕೂರಿಸಿದಳು. ಹುಡುಗಿಯ ಮೈಯೆಲ್ಲ ಬೆವರು, ಕೈ ತಣ್ಣಗೆ. ಅಷ್ಟರಲ್ಲಿ, ನಾಗಶ್ರೀ ಬಸ್ಸಿನಿಂದ ಫೋನು ಮಾಡಿದ್ದಕ್ಕೆ ಅವರನ್ನು ಎದುರುಗೊಳ್ಳಲು ಬರುತ್ತಿದ್ದ ಕೆಂಪಪ್ಪ ಮೇಲಿಂದಲೇ ನೋಡಿ ಓಡಿ ಬಂದ.

"ಪಾನಕ ಕುಡಿಸೇ!"

ತಾಯಮ್ಮ ಆಗಲೇ ಬಟ್ಟಲಿಗೆ ಪಾನಕ ಬಗ್ಗಿಸಿ ಎರಡು ಕೈಯಲ್ಲಿ ಹಿಡಿದಿದ್ದಳು. ಹಿಡಿದು ಕೂತಿದ್ದಳು.

"ಹೇಳಿಕಿ ಆಗಿಲ್ಲಣ್ಣ."

"ಏ ಹುಚ್ಚಿ, ಕೊಡು ಅಂದ್ನಲ್ಲ!"

"ಸುಮ್ನಿರು. ಈಗ ಆಡ್ತಾಳೆ. ನಾಗೂ, ಹೇಳು ಮಗಳೆ. ಅವ್ವಾ, ತಾಯೀ, ಒಂದು ಮಾತು ಹೇಳಿಬಿಡು."

ನಾಗಶ್ರೀ ತಿರುಗಿ ನೋಡಿದಳು. ಆ ಕಣ್ಣು ತಾಯಮ್ಮನ ಮುಖದ ಮೇಲೆ ಬಿತ್ತು, ಮುಖವನ್ನು ದಾಟಿ ಹಿಂದಕ್ಕೆ ಹೋಯಿತು. ತಾಯಿಯೂ ಒಂದೇ ಮರವೂ ಒಂದೇ ಎನ್ನುವಂಥ ನೋಟ. ಒಳಗಿನಿಂದ ತಾಯಮ್ಮನಿಗೆ ಅದೆಲ್ಲ ನೀರು, ಬೆಳಕು, ಕುರಿ, ತಲೆ ಬಾಚುವವಳು. ಹೊರಗಿನಿಂದ ಅದು ಹೀಗಿತ್ತು. ಈ ಕಣ್ಣನ್ನು ಅವಳು ಇನ್ನೊಂದೇ ಒಂದು ಸಲ ನೋಡಿದ್ದಳು. ಕೈಯಲ್ಲಿ ಆವತ್ತೂ ಇದೇ ಬಟ್ಟಲು, ಇದೇ ಬೆಲ್ಲದ ವಾಸನೆ. ಹುಲಿಯಮ್ಮನ ತುಟಿ ಆವತ್ತು ಅದುರುತ್ತಿತ್ತು. ಹೇಳಿಕೆ ಬರುತ್ತದೆ ಎಂದು ಎಲ್ಲರೂ ಬಗ್ಗಿದ್ದರು. ಆ ತುಟಿ ಕೇಳಿದ್ದು ಏನನ್ನು?

ನಾಗಶ್ರೀಯ ತುಟಿ ಅದುರಿತು.

ತಾಯಮ್ಮ ಕಾಯಲಿಲ್ಲ. ಮಗಳ ಹಲ್ಲು ಕಚ್ಚಿಕೊಂಡಿತ್ತು, ಪಾನಕದಲ್ಲಿ ಬೆರಳು ಅದ್ದಿ ತುಟಿಯೊಳಗೆ ಸವರಿದಳು, ಮತ್ತೆ ಅದ್ದಿ ಸವರಿದಳು. ದವಡೆ ಸಡಿಲಾದ ಮೇಲೆ ಗುಟುಕು ಗುಟುಕಾಗಿ ಕುಡಿಸಿದಳು. ಬಟ್ಟಲು ಖಾಲಿಯಾಯಿತು. ಹಕ್ಕಿಗಳು ಕೂಗುತ್ತಲೇ ಇದ್ದವು. ಸ್ವಲ್ಪ ಹೊತ್ತಿಗೆ ನಾಗಶ್ರೀ ತನ್ನ ಚೂಡಿದಾರ ಹಿಂಡಿಕೊಂಡು, "ಅಯ್ಯೋ, ಎಲ್ಲ ನೆನೆದೋತು. ಅವ್ವಾ, ಯಾಕೆ ಅಳ್ತಿ? ಮಾವ ಹಾಸಲ್ಲ ಅಂದನಾ?" ಎಂದಳು.

ತಾಯಮ್ಮ ಅಣ್ಣನ ಕಡೆ ನೋಡಿದಳು. "ಅಣ್ಣಾ, ಆವತ್ತು ಅವ್ವಗೂ ನಾನು ಕೊಟ್ಟಿದ್ರೆ..."

ಕೆಂಪಪ್ಪ ದಾರಿಯಲ್ಲಿ ಬಿದ್ದಿದ್ದ ಕಂಬಳಿ ಕೊಡವಿ ತಂದು ಒದ್ದೆ ಹುಡುಗಿಗೆ ಹೊದಿಸಿದ. "ಆವತ್ತು ಯಾರಿಗೆ ಗೊತ್ತಿತ್ತು ತಾಯಿ" ಎಂದ. "ಹಿರೀಕರೆಲ್ಲ ಕೂತಿದ್ರು. ನಾನೂ ಕೂತಿದ್ದೆ."

ತಾಯಿ ಮಗಳು ಇಬ್ಬರೂ ದೊಡ್ಡಾಸ್ಪತ್ರೆಗೆ ಹೋದರು. ತಾಯಮ್ಮನ ಹಿರಿಮಗ ಹರೀಶನೂ ರಕ್ತ ಕೊಟ್ಟ, ಅವನದು ಚೊಕ್ಕಟ. ಆ ಗುಣ ಮಕ್ಕಳಿಗೆ ಬಂದರೂ ಬಂತು, ಬಿಟ್ಟರೂ ಬಿಟ್ಟಿತು ಎಂದು ಡಾಕ್ಟ್ರಮ್ಮ ಹೇಳಿದರಂತೆ. "ಹೊಲಾನೂ ಇಲ್ಲ, ಗಡ್ಡೀನೂ ಇಲ್ಲ, ನಂಗೇನು ಕೊಟ್ರಿ ನೀವು?" ಎಂದು ಹರೀಶ ರೇಗಿಸಿ ತಂಗಿಯ ಕೈಲಿ ಹೊಡೆಸಿಕೊಂಡ.

ಆದರೆ ತಾಯಮ್ಮನಿಗೆ ಆಶ್ಚರ್ಯವಾದದ್ದು ಬೇರೆ. ಗಡ್ಡೆ ಸಕ್ಕರೆ ಕುಡಿಯುತ್ತಿದೆಯೇ ಎಂದು ಖಾತ್ರಿ ಮಾಡಿಕೊಳ್ಳಲು ಆಸ್ಪತ್ರೆಯವರೂ ಉಪವಾಸ ಕೂರಿಸಿದರು! ನೀರು ಬಿಟ್ಟರೆ ಏನೂ ಇಲ್ಲ. ಸುತ್ತ ಜನ, ಎಲ್ಲರ ಕಣ್ಣೂ ಅವಳ ಮೇಲೆ.

"ಇದು ನಮ್ಮ ಶಾಸ್ತ್ರಾನೇ ಐತಲ್ರೀ ಡಾಕ್ಟ್ರಮ್ಮ" ಎಂದಳು.

"ಹೌದಮ್ಮ, ನಾವೂ ಕಾಯ್ತೀವಿ" ಎಂದರು ದೀಪಶ್ರೀ. "ಆದ್ರೆ ಮಾತಿಗೆ ಅಲ್ಲ. ನಿಮಗೆ ಹಾಗೆ ಆದ ತಕ್ಷಣ ಒಂದಿಷ್ಟು ರಕ್ತ ತಗೋತೀವಿ. ಆಗಲೇ ಪಾನಕ, ನರದ ಮೂಲಕ."

"ಗಡ್ಡಿ ಹೋದ ಮ್ಯಾಲೆ ನಂಗೆ ಆ ಕೆರಿ ಕಾಣಂಗಿಲ್ಲ, ಅಲ್ರಾ?"

ಡಾಕ್ಟ್ರಮ್ಮ ಸುಳ್ಳು ಹೇಳಲಿಲ್ಲ. "ಕಾಣೋದಿಲ್ಲಮ್ಮ."

ಹಾಸಿಗೆಯ ಬಿಳಿ ಚಾದರದ ಮೇಲೆ ಕರಿ ಕಂಬಳಿ ಹಾಸಿಕೊಡಿರೆಂದು ತಾಯಮ್ಮ ಕೇಳಿದಳು. ನರ್ಸಮ್ಮ ಹಿಂದೆಮುಂದೆ ನೋಡಿದಳು. ನಾಗಶ್ರೀಯೇ ಹಾಸಿದಳು.

ಕೊನೆಯ ಸಲ ನೀರು ಬಂತು. ಕಿಟಕಿಯಿಂದ ಬಂದು, ಮಂಚದ ಕಾಲು ತೊಳೆದು, ಗೋಡೆ ಕರಗಿಸಿ ಹಬ್ಬಿತು. ಕುರಿಗಳು ಬಂದವು. ಅರ್ಧದಷ್ಟು ಮರದ ಮೇಲಿದ್ದವು, ರೆಕ್ಕೆ ಮಡಚಿಕೊಂಡು. ಆಚೆ ದಡದಲ್ಲಿ ಅವಳು ತಲೆ ಬಾಚಿಕೊಳ್ಳುತ್ತಿದ್ದಳು. ತಾಯಮ್ಮ ಈ ಸಲ ಕರೆಯಲಿಲ್ಲ, ಕೇಳಲಿಲ್ಲ. ಬಟ್ಟಲು ಹಿಡಿದು ನೀರಿನ ಮೇಲೆ ನಡೆದಳು. ಹತ್ತಿರ ಹೋದಾಗ ಅವಳು ಬಾಚಣಿಗೆ ಕೆಳಗಿಟ್ಟು ತಿರುಗಿದಳು. ಹುಲಿಯಮ್ಮ. ಬಾಯಾರಿದ ಮುಖ.

"ತಂದ್ಯಾ?" ಎಂದಳು ಹುಲಿಯಮ್ಮ.

"ತಂದೆ ಯವ್ವ, ತಡ ಆತು" ಎಂದು ತಾಯಮ್ಮ ಬಟ್ಟಲು ತುಟಿಗೆ ಹಿಡಿದಳು. ಹುಲಿಯಮ್ಮ ಗಟಗಟ ಕುಡಿದಳು, ಒಂದು ಹನಿ ಬಿಡದೆ. ಕುಡಿದು ಬಾಯಿ ಒರೆಸಿಕೊಂಡು, "ಬೆಲ್ಲ ಕಮ್ಮಿ" ಎಂದಳು. ಅಷ್ಟೆ. ಕುರಿಗಳನ್ನು ಹೊಡೆದುಕೊಂಡು ಮಂಜಿನೊಳಗೆ ಹೋದಳು, ಹಿಂತಿರುಗಿ ನೋಡದೆ.

ಕಣ್ಣು ಬಿಟ್ಟಾಗ ಕೈಗೆ ಸೂಜಿ ಚುಚ್ಚಿತ್ತು. ನಾಗಶ್ರೀ, "ಅವ್ವಾ, ನೀ ಬೆಲ್ಲ ಕಮ್ಮಿ ಅಂದಿ" ಎಂದು ನಗುತ್ತಾ ಅಳುತ್ತಿದ್ದಳು. ತಾಯಮ್ಮನ ಕೊನೆಯ ಹೇಳಿಕೆ ಅದೇ.

ಇಬ್ಬರಿಗೂ ಆಪರೇಷನ್ ಆಯಿತು. ಕುತ್ತಿಗೆಯದು ಇನ್ನೂ ಬಾಕಿ ಇದೆ, ವರ್ಷ ವರ್ಷ ಹೋಗಿ ತೋರಿಸಿಕೊಳ್ಳಬೇಕು. ನಾಗಶ್ರೀ ಮತ್ತೆ ಅಂಗಡಿಗೆ ಹೋಗುತ್ತಾಳೆ, ಕೇಳಿದಷ್ಟೇ ಬಟ್ಟೆ ಅಳೆಯುತ್ತಾಳೆ. ಕಂಬಳಿ ಅವಳೇ ಹೊದೆಯುತ್ತಾಳೆ, ಚಳಿಗೆ.

ಮಂಗಳವಾರ ಜನ ಇನ್ನೂ ಬರುತ್ತಾರೆ. ತಾಯಮ್ಮ ಉಂಡು ಕೂತಿರುತ್ತಾಳೆ. ನೀರು ಬರುವುದಿಲ್ಲ, ಹೊಲ ಹೊಲವಾಗಿಯೇ ಇರುತ್ತದೆ. ಒಮ್ಮೊಮ್ಮೆ ಅದು ಅವಳಿಗೆ ಬಹಳ ಬಣಗುಡುತ್ತದೆ, ನನ್ನ ಹತ್ತಿರವೇ ಹೇಳಿದ್ದಾಳೆ. ಆಗ ಎದ್ದು ನಿಜವಾದ ಕೆರೆಯ ಏರಿಯ ಮೇಲೆ, ತಾಯಿಯ ಕಲ್ಲಿನ ಪಕ್ಕ ಹೋಗಿ ಕೂರುತ್ತಾಳೆ. "ಗಡ್ಡಿ ನಂದು, ಅವ್ವ ಕೆರೀದು" ಎನ್ನುತ್ತಾಳೆ. ಬಂದವರಿಗೆಲ್ಲ ಮೊದಲು ಪಾನಕ, ಬೆಲ್ಲ ಜಾಸ್ತಿ ಹಾಕಿ. ಆಮೇಲೆ, "ಈಗ ಹೇಳ್ರಿ ನಿಮ್ಮದು" ಎಂದು ಅವರ ಮಾತು ಕೇಳುತ್ತಾಳೆ. ಸಿಹಿ ಕುಡಿಯಬಾರದ ಪಂಚಾಕ್ಷರಪ್ಪ ಮಾತ್ರ ಮಜ್ಜಿಗೆ ಕೇಳುತ್ತಾನೆ, ನಿಂತುಕೊಂಡೇ.

ಈಗ ಇದನ್ನೆಲ್ಲ ಗಂಟಲು ಹರಿದುಕೊಂಡು ಯಾಕೆ ಹೇಳಿದೆ ಎಂದರೆ, ಹುಲಿಯಮ್ಮನಿಗೆ ಶೇಷಮ್ಮ ಎಂಬ ತಂಗಿಯಿದ್ದಳು. ಗಂಡನ ಕುರಿಹಿಂಡಿನ ಜೊತೆ ಹಾನಗಲ್ಲಿನ ಕಡೆ ಹೋದವಳು ಮತ್ತೆ ಇತ್ತ ಬರಲಿಲ್ಲ. ಅವಳ ಮಕ್ಕಳು ಮೊಮ್ಮಕ್ಕಳು ಯಾವ ಊರಿನ ಹೊಲದಲ್ಲಿ ಹಿಂಡು ನಿಲ್ಲಿಸಿದ್ದಾರೋ ತಾಯಮ್ಮನಿಗೆ ಗೊತ್ತಿಲ್ಲ, ಕೆಂಪಪ್ಪನಿಗೂ ಗೊತ್ತಿಲ್ಲ. ಅವರ ರಕ್ತದಲ್ಲೂ ಇದು ಇರಬಹುದು. ಈಗ ಕುರಿ ಕಾಯುವವರ ಸೊಂಟದಲ್ಲೂ ಫೋನಿದೆ. ನಿಮಗೆ ಗೊತ್ತಿರುವ ಕುರಿಯವರಿಗೆ ಇದನ್ನು ದಾಟಿಸಿ, ಅವರು ಇನ್ನೊಬ್ಬರಿಗೆ ದಾಟಿಸಲಿ. ಒಂದೇ ಮನೆತನದಲ್ಲಿ ಒಬ್ಬರಿಗೆ ಕಲ್ಲು, ಇನ್ನೊಬ್ಬರಿಗೆ ಹೊಟ್ಟೆಯುರಿ, ಮತ್ತೊಬ್ಬರಿಗೆ ಹಸಿದ ಹೊಟ್ಟೆಯಲ್ಲಿ ದೇವರು ಇದ್ದರೆ ಡಾಕ್ಟರ ಹತ್ತಿರ ಹೋಗಿ ಮೂರನ್ನೂ ಒಟ್ಟಿಗೆ ಹೇಳಿ. ಅಲ್ಲಿಯವರೆಗೆ, ಕೈಯಲ್ಲಿ ಬಟ್ಟಲು ಹಿಡಿದು ಹೇಳಿಕೆಗೆ ಕಾಯುತ್ತಾ ಕೂತ ಹುಡುಗಿ ಯಾರಾದರೂ ಇದ್ದರೆ, ಅವಳ ಕಿವಿಗೆ ಇದು ಬೀಳಲಿ: ಕಾಯಬೇಡ ಮಗಳೇ, ಕುಡಿಸಿಬಿಡು.